ಹೈಸ್ಕೂಲ್ ಮಕ್ಕಳ ‘ನಾನು ಯಾರು’ ಹುಡುಕಾಟ: ಅನುಭವ ಇದ್ದವರು ಹೇಳಿ

ಕೇಳಿದ್ದು, ಒಬ್ಬ ತಾಯಿ:
ಮಗಳು ಒಂಬತ್ತನೇ ತರಗತಿ. ಮೊದಲು ಡಾಕ್ಟರ್ ಆಗ್ತೀನಿ ಅಂದಳು. ಆಮೇಲೆ ಚಿತ್ರಕಲೆ. ಈಗ ಯಾವುದೂ ಬೇಡವಂತೆ. ಕೈಬರಹ ಕೂಡ ಬದಲಾಯಿಸಿಕೊಂಡಿದ್ದಾಳೆ. ಗೆಳತಿಯರು ಹೇಳಿದ್ದೇ ವೇದವಾಕ್ಯ. ಇದೆಲ್ಲ ವಯಸ್ಸಿನ ಸಹಜವಾ? ನೀವು ಹೇಗೆ ನಿಭಾಯಿಸಿದಿರಿ?

ಹೈಸ್ಕೂಲ್ ಶಿಕ್ಷಕಿಯೊಬ್ಬರು:
ಗಾಬರಿ ಬೇಡ. ನನ್ನ ತರಗತಿಯ ಮಕ್ಕಳ ನೋಟ್‌ಬುಕ್ ತಿದ್ದುವಾಗ ಕೊನೆಯ ಪುಟ ನೋಡುತ್ತೇನೆ. ಒಂದೇ ಹೆಸರಿನ ಸಹಿ ಹತ್ತಾರು ಬಗೆ. ಒಂದರಲ್ಲಿ ಅಪ್ಪನ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಒಂದರ ಕೆಳಗೆ ಎರಡು ಗೆರೆ, ಮತ್ತೊಂದಕ್ಕೆ ಉದ್ದ ಬಾಲ. ಆ ಪುಟಕ್ಕೆ ನಾನು ಕೆಂಪು ಶಾಯಿ ಮುಟ್ಟಿಸುವುದಿಲ್ಲ. ಮಗು ಅಲ್ಲಿ ತನ್ನನ್ನು ತಾನು ಹುಡುಕುತ್ತಿದೆ.

ಎರಿಕ್ ಎರಿಕ್‌ಸನ್ ಅನ್ನುವ ಮನೋವಿಶ್ಲೇಷಕರು ಮನುಷ್ಯನ ಬೆಳವಣಿಗೆಯನ್ನು ಎಂಟು ಹಂತ ಮಾಡಿ ಹೇಳಿದ್ದಾರೆ. ಹೆಚ್ಚು ಕಡಿಮೆ 12ರಿಂದ 18ರವರೆಗೆ ಐದನೆಯದು. ‘ನಾನು ಇಂಥವನು’ ಅನ್ನುವುದು ಒಂದು ಕಡೆ ಎಳೆದರೆ, ‘ಯಾರೋ ಗೊತ್ತಿಲ್ಲ’ ಅನ್ನುವ ಗೊಂದಲ ಇನ್ನೊಂದು ಕಡೆ ಎಳೆಯುತ್ತದೆ. ದೊಡ್ಡವರ ಜವಾಬ್ದಾರಿ ಹೆಗಲಿಗೇರುವ ಮುಂಚೆ ಬೇರೆ ಬೇರೆ ಪಾತ್ರ ಹಾಕಿ ನೋಡಲು ಒಂದಿಷ್ಟು ಬಿಡುವು ಬೇಕು ಅನ್ನುವುದು ಅವರ ಮಾತು. ಅವರೂ ಶಾಲೆ ಮುಗಿಸಿ ಚಿತ್ರ ಬರೆಯುತ್ತಾ ಯುರೋಪಿನಲ್ಲಿ ಅಲೆದವರೇ. ಎರಿಕ್‌ಸನ್ ಅನ್ನುವ ಹೆಸರು ಕೂಡ ದೊಡ್ಡವರಾದ ಮೇಲೆ ತಾವೇ ಇಟ್ಟುಕೊಂಡದ್ದು!

ಆದರೆ ಅದರ ಹಿಂದಿನ ಹಂತವನ್ನೂ ನೋಡಿ ಅಂತ ನಾನು ಪೋಷಕರಿಗೆಲ್ಲ ಹೇಳುತ್ತೇನೆ. ಆರರಿಂದ ಹನ್ನೆರಡರ ಹೊತ್ತಿಗೆ ಮಗುವಿಗೆ ‘ನನ್ನ ಕೈಲಾಗುತ್ತೆ’ ಅನ್ನಿಸಬೇಕು. ಅನ್ನಿಸದಿದ್ದರೆ ಕೀಳರಿಮೆ ಹೈಸ್ಕೂಲಿಗೂ ಜೊತೆಯಲ್ಲೇ ಬರುತ್ತದೆ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ ಏನು ಕೇಳಿದರೂ ‘ನಂಗೆ ಬರಲ್ಲ ಮಿಸ್’ ಅನ್ನುತ್ತಿದ್ದ. ಪ್ರಯೋಗಾಲಯದ ಬೀಗದ ಕೈ ಅವನಿಗೇ ಕೊಟ್ಟೆ. ಗಾಜಿನ ಸಾಮಾನು ತೊಳೆದು ಎಣಿಸಿ ಇಡುವುದು ಅವನ ಕೆಲಸ. ಆ ವರ್ಷದ ಕೊನೆಗೆ ಪ್ರಯೋಗ ಹೇಗೆ ಮಾಡಬೇಕು ಅಂತ ಉಳಿದವರಿಗೆ ಅವನೇ ಹೇಳಿಕೊಡುತ್ತಿದ್ದ. ಭಾಷಣಕ್ಕಿಂತ ಇಂಥ ಒಂದು ನಿಜವಾದ ಕೆಲಸ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಶಾಲಾ ಆಪ್ತಸಮಾಲೋಚಕರೊಬ್ಬರು:
ನಿಮ್ಮ ಮಗಳಿಗಿಂತ, ಏಳನೇ ತರಗತಿಯಲ್ಲೇ ‘ನಾನು ಇಂಜಿನಿಯರ್, ಮುಗೀತು’ ಅನ್ನುವ ಮಕ್ಕಳ ಬಗ್ಗೆ ನನಗೆ ಯೋಚನೆ ಜಾಸ್ತಿ. ಎರಿಕ್‌ಸನ್ ವಿಚಾರವನ್ನು ಮುಂದುವರಿಸಿದ ಜೇಮ್ಸ್ ಮಾರ್ಸಿಯಾ 1966ರಲ್ಲಿ ನಾಲ್ಕು ಸ್ಥಿತಿ ಗುರುತಿಸಿದರು. ಹುಡುಕಾಟವೂ ಇಲ್ಲ, ತೀರ್ಮಾನವೂ ಇಲ್ಲದವರು. ಹುಡುಕದೆಯೇ ಹಿರಿಯರ ತೀರ್ಮಾನ ಒಪ್ಪಿಕೊಂಡವರು. ಇನ್ನೂ ಹುಡುಕುತ್ತಿರುವವರು. ಹುಡುಕಿ ತಾವೇ ಒಂದು ನಿಲುವಿಗೆ ಬಂದವರು. ನಿಮ್ಮ ಮಗಳು ಮೂರನೆಯ ಗುಂಪಿನಲ್ಲಿ ಇರುವಂತಿದೆ, ಅಲ್ವಾ? ಒಳ್ಳೆಯ ಜಾಗವೇ. ‘ಚಿತ್ರಕಲೆ ಯಾಕೆ ಬಿಟ್ಟೆ?’ ಅಂತ ಗದರುವ ದನಿಯಲ್ಲಿ ಕೇಳಬೇಡಿ. ‘ಅದರಲ್ಲಿ ಏನು ಇಷ್ಟವಾಯಿತು, ಏನು ಬೇಜಾರಾಯಿತು?’ ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ.

ಒಬ್ಬ ತಂದೆ:
ಗೆಳತಿಯರ ಬಗ್ಗೆ ಒಂದೇ ಮಾತು. ಅವರನ್ನು ಬೈದರೆ ಮಗಳಿಗೆ ತನ್ನನ್ನೇ ಬೈದ ಹಾಗೆ. ನಾವು ಮಗನ ಸ್ನೇಹಿತರನ್ನು ಮನೆಗೇ ಕರೆಯಲು ಶುರು ಮಾಡಿದೆವು. ಅವರ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಅರ್ಧ ಭಯ ಹೋಯಿತು.

ಶಿಕ್ಷಕಿ ಮತ್ತೆ:
ಇದೊಂದು ಸೇರಿಸಲೇಬೇಕು. ಇಷ್ಟಗಳು ಬದಲಾಗುವುದು ಬೇರೆ, ಮಗು ಮಂಕಾಗುವುದು ಬೇರೆ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಯಾರ ಜೊತೆಗೂ ಸೇರದಿದ್ದರೆ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ‘ನಾನು ಇರಬಾರದಿತ್ತು’ ಅನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ, ಅವತ್ತೇ ಹೋಗಿ.