ಲೇಸರ್ ಗೆರೆ ಡಸ್ಟರ್ ಬಡಿದಾಗ ಮಾತ್ರ ಕಂಡದ್ದೇಕೆ?

ಪ್ರಶ್ನೆ (ಬದಿಯಡ್ಕದ ಅಧ್ಯಾಪಕ):
ಬೆಳಕು ನೇರವಾಗಿ ಸಾಗುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲೆಂದು ನಿನ್ನೆ ತರಗತಿಗೆ ಕೆಂಪು ಲೇಸರ್ ಪಾಯಿಂಟರ್ ಒಂದನ್ನು ಒಯ್ದಿದ್ದೆ. ಕಿಟಕಿಗಳನ್ನೆಲ್ಲ ಮುಚ್ಚಿದರೂ ಹಿಂದಿನ ಗೋಡೆಯ ಮೇಲೆ ಚುಕ್ಕೆ ಕಂಡಿತೇ ಹೊರತು ನಡುವಿನ ಗೆರೆ ಕಾಣಲಿಲ್ಲ. ಕುಂಬಳೆ ಬೆಡಿಯ (ಜಾತ್ರೆಯ ಸುಡುಮದ್ದಿನ) ರಾತ್ರಿ ಯಾರೋ ಬಿಟ್ಟ ಹಸಿರು ಲೇಸರ್ ಗದ್ದೆಯಿಂದ ಆಕಾಶದವರೆಗೆ ಕೋಲಿನಂತೆ ಕಂಡಿತ್ತೆಂದು ಹುಡುಗನೊಬ್ಬ ತಕರಾರು ತೆಗೆದ. ಕೊನೆಗೆ ಡಸ್ಟರನ್ನು ಮೇಜಿಗೆ ಬಡಿದಾಗ ಸೀಮೆಸುಣ್ಣದ ಹುಡಿ ಎದ್ದು, ಗೆರೆ ತುಂಡುತುಂಡಾಗಿ ಮೂಡಿ, ಹುಡಿ ಇಳಿಯುತ್ತಿದ್ದಂತೆ ಅಳಿಸಿಹೋಯಿತು. ಅದೂ ಹಿಂದಿನ ಬೆಂಚಿನವರಿಗೆ ಸ್ಪಷ್ಟವಾಗಿ, ಪಾಯಿಂಟರ್ ಹಿಡಿದ ನನಗೆ ಮಂದವಾಗಿ. ಕಾರಣ ಲೇಸರಿನ ಶಕ್ತಿಯೋ, ಬಣ್ಣವೋ, ಗಾಳಿಯೋ?

ಉತ್ತರ (ಪೆರ್ಲದಿಂದ):
ಮಾಸ್ತರರೇ, ಮೂರೂ ಹೌದು. ಆದರೆ ಮೊದಲ ಪಾಲು ಗಾಳಿಯದ್ದು. ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಒಲೆಗೆ ಮಡಲು ತುರುಕಿ ಹೊಗೆ ಎದ್ದಾಗ ಬಿಸಿಲಕೋಲು ಮಾಡಿನಿಂದ ನೆಲದವರೆಗೆ ನಿಲ್ಲುತ್ತಿತ್ತು. ಒಲೆ ಆರಿ ಹೊಗೆ ಹೋದ ಮೇಲೆ ನೆಲದಲ್ಲಿ ಬಿಸಿಲಿನ ಚೌಕ ಮಾತ್ರ ಉಳಿಯುತ್ತಿತ್ತು. ಪಕ್ಕದಲ್ಲಿ ಹಾದುಹೋಗುವ ಬೆಳಕು ನಮಗೆ ಕಾಣಬೇಕಾದರೆ ಅದರ ಒಂದು ಪಾಲನ್ನು ಯಾವುದಾದರೂ ಕಣ ನಮ್ಮ ಕಣ್ಣಿನತ್ತ ಚದುರಿಸಲೇಬೇಕು. ಪಠ್ಯಪುಸ್ತಕದ ಟಿಂಡಲ್ ಪರಿಣಾಮ ಇದೇ. ಬೆಡಿಯ ರಾತ್ರಿ ಮದ್ದಿನ ಹೊಗೆಗೆ ಬರವಿಲ್ಲ.

ಇನ್ನು ಬಣ್ಣ. ಸಾಮಾನ್ಯ ಹಸಿರು ಪಾಯಿಂಟರಿನ ತರಂಗಾಂತರ 532 ನ್ಯಾನೋಮೀಟರ್, ಕೆಂಪಿನದ್ದು ಸುಮಾರು 650. ಗಾಳಿಯ ಅಣುಗಳು ಹಸಿರನ್ನು ಕೆಂಪಿಗಿಂತ ಎರಡು ಪಟ್ಟಿಗೂ ತುಸು ಹೆಚ್ಚು ಚದುರಿಸುತ್ತವೆ. ಅದಲ್ಲದೆ ನಮ್ಮ ಕಣ್ಣಿಗೆ ಅಷ್ಟೇ ಶಕ್ತಿಯ ಹಸಿರು ಸುಮಾರು 8 ಪಟ್ಟು ಪ್ರಖರ. ಆದುದರಿಂದ ಕತ್ತಲ ರಾತ್ರಿಯಲ್ಲಿ 5 ಮಿಲಿವ್ಯಾಟಿನ ಹಸಿರು ಲೇಸರ್ ತಿಳಿಗಾಳಿಯಲ್ಲೂ ಮಸುಕಾಗಿ ಕಾಣುತ್ತದೆ. ದಪ್ಪ ಹುಡಿಯಲ್ಲಿ ಅಣುಗಳ ಈ ಬಣ್ಣದ ಪಕ್ಷಪಾತ ಇರುವುದಿಲ್ಲ, ಕಣ್ಣಿನದ್ದು ಮಾತ್ರ ಉಳಿಯುತ್ತದೆ.

ಹಿಂದಿನ ಬೆಂಚಿನ ಸಂಗತಿ ನನಗೆ ಹೆಚ್ಚು ಇಷ್ಟವಾಯಿತು. ಸೀಮೆಸುಣ್ಣದ ಹುಡಿಯಂತಹ ಕಣಗಳು ಬೆಳಕನ್ನು ಹೆಚ್ಚಾಗಿ ಅದು ಸಾಗುತ್ತಿದ್ದ ದಿಕ್ಕಿಗೇ ಸ್ವಲ್ಪ ಓರೆಯಾಗಿ ಚದುರಿಸುತ್ತವೆ, ಹಿಂದಕ್ಕೆ ಬಹಳ ಕಡಿಮೆ. ಆದರೆ ಲೇಸರ್ ಮಕ್ಕಳ ತಲೆಯ ಮೇಲಿನಿಂದಲೇ ಹೋಗಲಿ, ಯಾರ ಕಣ್ಣಿಗೂ ನೇರ ಬೀಳದಿರಲಿ.

ಉತ್ತರ (ಕುಂಬಳೆಯಿಂದ):
ಹೊಗೆಯೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಪೊಸಡಿಗುಂಪೆ ಗುಡ್ಡದ ಮೇಲೆ ಟಾರ್ಚಿನ ಬೆಳಕೂ ಕೋಲಿನಂತೆ ಕಾಣುತ್ತದೆ. ಗಾಳಿಯಲ್ಲಿ ನೀರಿನ ಆವಿ ಹೆಚ್ಚಿದ್ದರೆ ಸಾಕು.

ಉತ್ತರ (ಪೆರ್ಲದಿಂದ):
ಆವಿ ಬೇರೆ, ಮಂಜು ಬೇರೆ. ಆವಿ ಕಣ್ಣಿಗೆ ಕಾಣದ ಅನಿಲ. ಚದುರಿಸುವುದರಲ್ಲಿ ಅದೂ ಉಳಿದ ಗಾಳಿಯಷ್ಟೇ ದುರ್ಬಲ. ಗುಡ್ಡದ ಮೇಲೆ ನೀವು ಕಂಡದ್ದು ಆವಿ ತಣಿದು ಆದ ಹನಿಗಳನ್ನು. ಆದರೂ ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ: ನಮ್ಮ ಕಡಲಗಾಳಿಯಲ್ಲಿ ತೇಲುವ ಉಪ್ಪಿನ ಕಣಗಳು ತೇವ ಹೀರಿ ಉಬ್ಬಿದಾಗ ಮೊದಲಿಗಿಂತ ಹೆಚ್ಚು ಬೆಳಕನ್ನು ಚದುರಿಸುತ್ತವೆ.

ಪ್ರಶ್ನೆ ಕೇಳಿದವರು:
ಇಂದು ಗಾಜಿನ ಭರಣಿಯ ನೀರಿಗೆ ಒಂದು ಹನಿ ಹಾಲು ಹಾಕಿ ತೋರಿಸಿದೆ. ಭರಣಿಯೊಳಗೆ ದಾರದಂತಹ ಕೆಂಪು ಗೆರೆ, ಹೊರಗೆ ಬಂದ ಮೇಲೆ ಏನೂ ಇಲ್ಲ. ಉತ್ಸಾಹದಲ್ಲಿ ಹುಡುಗನೊಬ್ಬ ಒಂದು ಚಮಚ ಹಾಲು ಸುರಿದಾಗ ಚದುರಿದ ಬೆಳಕೇ ಮತ್ತೆ ಮತ್ತೆ ಚದುರಿ, ಗೆರೆ ಮಾಯವಾಗಿ ಭರಣಿಯ ಒಂದು ಬದಿಯಿಡೀ ಕೆಂಪಾಯಿತು.