ಗೋಲ್ಡ್‌ಫೀಲ್ಡ್ಸ್ ಟ್ರ್ಯಾಕ್ 210 ಕಿ.ಮೀ: ಟೈರು, ನೀರು, ದಿಕ್ಕು

ಕದ್ರಿ ಪೆಡಲ್:
ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ಹೋಗುವುದುಂಟು. ಬಲ್ಲಾರಟ್ ಹತ್ತಿರದ ಮೌಂಟ್ ಬನಿನ್ಯಾಂಗ್‌ನಿಂದ ಬೆಂಡಿಗೊವರೆಗಿನ ಚಿನ್ನದ ಗಣಿಗಳ ಹಾದಿ. ಇಬ್ಬರು ಸೈಕಲ್, ಒಬ್ಬರು ನಡಿಗೆ. ಮಂಗಳೂರಿನಿಂದ 35 ಮಿ.ಮೀ ಟೈರಿನ ಹೈಬ್ರಿಡ್ ಸೈಕಲ್ ಒಯ್ದರೆ ಆಗ್ತದಾ? ಯಾವ ತುದಿಯಿಂದ ಹೊರಡುವುದು? ದಾರಿಯಲ್ಲಿ ನೀರು ಸಿಗ್ತದಾ?

ಮಣಿಪಾಲ ಗೇರು:
35 ಬೇಡ ಮಾರಾಯ್ರೆ. ಅಲ್ಲಿ ಚಿನ್ನ ಇದ್ದದ್ದೇ ಬೆಣಚುಕಲ್ಲಿನ ಪದರಗಳಲ್ಲಿ. ಒಡೆದು ಬಿಸಾಡಿದ ಚೂರು ಇನ್ನೂ ದಾರಿ ತುಂಬ ಉಂಟು. ಅದರ ಅಂಚು ಟೈರಿನ ಪಕ್ಕವನ್ನೇ ಸೀಳ್ತದೆ, ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ, ಸೀಲಂಟ್, ಅಷ್ಟು ದೊಡ್ಡ ಸೀಳು ಮುಚ್ಚುವುದಿಲ್ಲ. ಎಂಟಿಬಿ (ಮೌಂಟನ್ ಬೈಕ್) ಬೇಕು, ಟೈರು ಕನಿಷ್ಠ 2.1 ಇಂಚು ಅಗಲ. ಟ್ಯೂಬ್‌ಲೆಸ್ ಆದರೂ ಎರಡು ಟ್ಯೂಬು, ಸೀಳಿಗೆ ಒಳಗಿಂದ ಕೊಡಲು ಹಳೆ ಟೈರಿನ ತುಂಡು ಇರಲಿ.

ಬನಿನ್ಯಾಂಗ್ ಕಡೆಯಿಂದಲೇ ಹೊರಡಿ. ಅದು 700 ಮೀಟರಿಗಿಂತ ಎತ್ತರ, ಬೆಂಡಿಗೊ 220ರ ಆಸುಪಾಸು. ಹಾಗಂತ ಇಳಿಜಾರೇ ಅಂದುಕೊಳ್ಳಬೇಡಿ, ಕಣಿವೆಗಳಿಗೆ ಇಳಿದು ಹತ್ತುವುದು ಮುಗಿಯುವುದೇ ಇಲ್ಲ. ಲಗೇಜು ಹೊತ್ತ ಸೈಕಲ್‌ಗೆ 4 ದಿನ, ನಡೆಯುವವರಿಗೆ 12 ದಿನವಾದರೂ ಇಡಿ.

ಮಲ್ಪೆ ನಡಿಗೆ:
ನಡೆಯುವವರಿಗೆ ಮಧ್ಯದ ಭಾಗವೇ ಚೆಂದ, ಡೇಲ್ಸ್‌ಫರ್ಡ್‌ನಿಂದ ಕ್ಯಾಸಲ್‌ಮೇನ್. ಚಿನ್ನ ತೊಳೆಯಲು ನೀರು ತರುತ್ತಿದ್ದ ಹಳೆ ಕಣಿಗಳ ಬದಿಯಲ್ಲೇ ಹಾದಿ. ಅಡಿಕೆ ತೋಟದ ಕಣಿಯ ಹಾಗೆಯೇ, ಆದರೆ ಗುಡ್ಡದ ಸೊಂಟ ಸುತ್ತಿಕೊಂಡು ಮೈಲುಗಟ್ಟಲೆ. ಸೈಕಲ್‌ನವರಿಗೆ ಅಲ್ಲಿ ಅಗಲ ಸಾಲದು, ಚಕ್ರದ ಬದಿಗೆ ತೂಗುವ ಪ್ಯಾನಿಯರ್ ಚೀಲ ಕಲ್ಲಿಗೆ ತಾಗ್ತದೆ. ಫ್ರೇಮಿಗೆ ಕಟ್ಟುವ ಬ್ಯಾಗು ಒಳ್ಳೆಯದು.

ನೀರು ಊರುಗಳಲ್ಲಿ ಮಾತ್ರ ಅಂತ ಲೆಕ್ಕ ಹಾಕಿ, ತಲಾ 4 ಲೀಟರ್. ಹೆಪ್‌ಬರ್ನ್‌ನ ಖನಿಜ ಬುಗ್ಗೆಯ ನೀರು ಕುಡಿಯಬಹುದು, ಕಬ್ಬಿಣದ ರುಚಿ, ಬಾಟಲಿ ತುಂಬ ಅದನ್ನೇ ನಂಬಬೇಡಿ. ಕೊನೆಯ ಭಾಗದಲ್ಲಿ ಕೊಲಿಬನ್ ಕಾಲುವೆ ಸಿಗ್ತದೆ. 1877ರಲ್ಲಿ ಬೆಂಡಿಗೊ ಮುಟ್ಟಿದ್ದು ಇದರ ನೀರೇ. ಪಂಪಿಲ್ಲದೆ ಹರಿಯುವ ನೀರಾದ್ದರಿಂದ ಕಾಲುವೆ ದಂಡೆ ಬಹುತೇಕ ಸಮತಟ್ಟು, ಸೈಕಲ್‌ಗೆ ಹಬ್ಬ. ಆದರೆ ಅದು ಸಂಸ್ಕರಿಸದ ನೀರು, ಹಾಗೇ ಕುಡಿಯುವಂತಿಲ್ಲ.

ಒಂದು ಮಾತ್ರ ಖಂಡಿತ: ಶೌಚಕ್ಕೂ ಹಾದಿ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ. ಬೇಲಿಯಿಲ್ಲದ ಗಣಿ ಬಾವಿಗಳು ಉಂಟು, ಬಾಯಿಯ ಅಂಚಿನ ಮಣ್ಣು ಕುಸಿಯುತ್ತದೆ. ನೆಲ ನೋಡಿಕೊಂಡೇ ಹೆಜ್ಜೆಯಿಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ. ಏಪ್ರಿಲ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತದೆ, ಆಮೇಲೆ ಸಂಜೆ 6ಕ್ಕೇ ಕತ್ತಲು.

ಕದ್ರಿ ಪೆಡಲ್:
ಎರಡೇ ದಿನ ಸಿಕ್ಕಿದ್ರೆ?

ಮಣಿಪಾಲ ಗೇರು:
ಕ್ಯಾಸಲ್‌ಮೇನ್‌ನಿಂದ ಬೆಂಡಿಗೊ, ಸುಮಾರು 60 ಕಿ.ಮೀ. ಎರಡೂ ಕಡೆ ರೈಲುಂಟು, ಜಾಗ ಇದ್ದರೆ ಸೈಕಲ್ ಹತ್ತಿಸಬಹುದು. ರೈಲಿನ ಬದಲಿಗೆ ಬಸ್ಸು ಬಿಟ್ಟ ದಿನ ಸಾಮಾನ್ಯವಾಗಿ ಆಗುವುದಿಲ್ಲ. ಚ್ಯೂಟನ್ ಬಳಿ ಗಾರ್‌ಫೀಲ್ಡ್ ನೀರಿನ ಚಕ್ರದ ಕಲ್ಲಿನ ಕಂಬಗಳನ್ನು ನೋಡಿ. 1887ರ ಆ ಚಕ್ರದ ವ್ಯಾಸ 22 ಮೀಟರ್, ಅದಿರು ಕುಟ್ಟುವ ಯಂತ್ರಕ್ಕೆ.

ಪಣಂಬೂರು ಗಾಳಿ:
ಪ್ಯಾಕ್ ಮಾಡುವ ಮೊದಲು ಟೈರು, ಶೂ, ಟೆಂಟ್ ಗೂಟಗಳಿಂದ ನಮ್ಮ ಕೆಂಪು ಮಣ್ಣು ಪೂರ್ತಿ ತೆಗೆಯಿರಿ, ಹಲ್ಲುಜ್ಜುವ ಬ್ರಷ್ ಸಾಕು. ಮಣ್ಣು ಕಂಡರೆ ಅಲ್ಲಿನ ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ. ಉಪ್ಪಿನಕಾಯಿ, ಅವಲಕ್ಕಿ ಇದ್ದರೆ ಫಾರ್ಮಿನಲ್ಲಿ ಬರೆಯಲೇಬೇಕು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಬೆಂಕಿ ನಿಷೇಧ ಘೋಷಿಸಿದ ದಿನ ಕಾಡಿನಲ್ಲಿ ಸ್ಟವ್ ಹಚ್ಚುವಂತಿಲ್ಲ, ಬೇಯಿಸದೆ ತಿನ್ನುವಂಥದ್ದು ಒಂದು ಹೊತ್ತಿಗಾದರೂ ಚೀಲದಲ್ಲಿರಲಿ. ಸೈಕಲ್‌ನವರಿಗೆ ಹೆಲ್ಮೆಟ್ ಅಲ್ಲಿ ಕಾನೂನು.