ಪದಚರ್ಚೆ: ಉಪ್ಪುನೀರಿನ ಅಕ್ವೇರಿಯಂನ ‘ಸಂಪ್’, ‘ರೆಫ್ಯೂಜಿಯಂ’ – ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ಅಕ್ವೇರಿಯಂಗೆ ರೆಫ್ಯೂಜಿಯಂ ಇರುವ ಸಂಪನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಐದು ಪದಗಳಲ್ಲಿ ತೊಡಕು: ಸಂಪ್ (ಮೀನಿನ ತೊಟ್ಟಿಯ ನೀರು ಇಳಿದು, ಪಂಪಿನಿಂದ ಮತ್ತೆ ಮೇಲೇರುವ ಕೆಳಗಿನ ತೊಟ್ಟಿ), ಓವರ್‌ಫ್ಲೋ (ಮೇಲಿನ ನೀರು ಅದಕ್ಕೆ ಇಳಿಯುವ ದಾರಿ), ಬ್ಯಾಫಲ್ (ಗುಳ್ಳೆಗಳು ಪಂಪಿಗೆ ಹೋಗದಂತೆ ಸಂಪಿನೊಳಗೆ ನಿಲ್ಲಿಸುವ ಅಡ್ಡತಡೆ), ಬಲ್ಕ್‌ಹೆಡ್ (ತೊಟ್ಟಿಯ ತೂತಿಗೆ ಸೋರದಂತೆ ಪೈಪು ಕೂರಿಸುವ ಜೋಡಣೆ), ರೆಫ್ಯೂಜಿಯಂ (ಸಂಪಿನಲ್ಲಿ ಸಣ್ಣ ಜೀವಿ, ಪಾಚಿ ಬೆಳೆಸುವ ಕೋಣೆ). ‘ಸಂಪು’ ಎಂದರೆ ಓದುವವರು ಮನೆಮುಂದಿನ ನೀರಿನ ಸಂಪು ಎಂದುಕೊಳ್ಳುವುದಿಲ್ಲವೇ? ರೆಫ್ಯೂಜಿಯಂಗೆ ‘ಮತ್ಸ್ಯಧಾಮ’ ಆದೀತೇ? ಒಳಅಳತೆ ಹೀಗಿದೆ: ಮೀನಿನ ತೊಟ್ಟಿ 90×45×45 ಸೆಂ.ಮೀ., ಕೆಳಗಿನದು 60×30×40 ಸೆಂ.ಮೀ.

ಉತ್ತರ 1

‘ಸಂಪು’ ಎಂದೇ ಬರೆಯಿರಿ. ಇಂಗ್ಲಿಷಿನಲ್ಲಿ ಈ ಪದದ ಮೂಲಾರ್ಥ ಜೌಗು. ಆಮೇಲೆ ತಗ್ಗಿನಲ್ಲಿ ನೀರು ಬಸಿದು ನಿಲ್ಲುವ ಗುಂಡಿ ಎಂದಾಯಿತು. ನಮ್ಮಲ್ಲಿ ಅದು ಒಳ್ಳೆಯ ನೀರಿನ ನೆಲತೊಟ್ಟಿ. (ಉತ್ತರ ಕರ್ನಾಟಕದಲ್ಲಿ ಸಂಪು ಅಂದರೆ ಮುಷ್ಕರವೂ ಹೌದು, ಆದರೆ ಇಲ್ಲಿ ಗೊಂದಲವಾಗದು.) ಕೆಳಗೊಂದು ಸಂಪು, ಮೇಲೊಂದು ಟ್ಯಾಂಕು, ನಡುವೆ ಪಂಪು: ಈ ಜೋಡಿ ಎಲ್ಲರಿಗೂ ಗೊತ್ತಿರುವುದರಿಂದ ಅರ್ಧ ವಿವರಣೆ ಪದದಲ್ಲೇ ಮುಗಿಯುತ್ತದೆ.

ಆದರೆ ಪದದ ಜೊತೆಗೆ ಮನೆಸಂಪಿನ ರೂಢಿಗಳೂ ಬರುತ್ತವೆ, ಅಲ್ಲೇ ಅನಾಹುತ. ಮನೆಯ ಸಂಪು ತುಂಬಿದ್ದಷ್ಟೂ ನೆಮ್ಮದಿ. ಅಕ್ವೇರಿಯಂ ಸಂಪು ಮೂರನೇ ಒಂದು ಭಾಗವಾದರೂ ಖಾಲಿ ಇರಲೇಬೇಕು, ಏಕೆಂದರೆ ಕರೆಂಟು ಹೋದ ಕೂಡಲೇ ಮೇಲಿನ ನೀರು ಕೆಳಗಿಳಿಯುತ್ತದೆ. ನಿಮ್ಮ ಅಳತೆಯಲ್ಲೇ ಲೆಕ್ಕ ನೋಡಿ. ಮೇಲಿನ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರೆಂದರೆ 4.05 ಲೀಟರ್. ನೀರು ವಾಪಸು ಬಿಡುವ ಪೈಪಿನ ಬಾಯಿ ನೀರಿನ ಮಟ್ಟದಿಂದ 5 ಸೆಂ.ಮೀ. ಕೆಳಗಿದ್ದರೆ, ಪಂಪು ನಿಂತಾಗ ಅದೇ ಪೈಪು ಸೈಫನ್ ಆಗಿ 20 ಲೀಟರ್ ಎಳೆದುಕೊಳ್ಳುತ್ತದೆ. ಸಂಪಿನ ಮಟ್ಟ 11 ಸೆಂ.ಮೀ.ಗೂ ಹೆಚ್ಚು ಏರುತ್ತದೆ. ಬಾಯಿಯನ್ನು 2 ಸೆಂ.ಮೀ.ಗೆ ಎತ್ತಿದರೆ ಬರುವುದು 8 ಲೀಟರ್, ಏರಿಕೆ ನಾಲ್ಕೂವರೆ ಸೆಂ.ಮೀ. ಸೈಫನ್ ಮುರಿಯಲು ನೀರಿನ ಮಟ್ಟದ ತುಸು ಕೆಳಗೆ ಪೈಪಿಗೊಂದು ತೂತು ಕೊರೆಯುವುದುಂಟು. ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ಆಗಾಗ ಬಿಡಿಸಬೇಕು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ ವಾಲ್ವನ್ನೇ ನೆಚ್ಚಿ ಕೂರಬೇಡಿ. ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಇನ್ನೊಂದು ರೂಢಿ ಹಿತ್ತಾಳೆಯ ಫ್ಲೋಟ್ ವಾಲ್ವ್. ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರಿನಲ್ಲಿ ಅದು ಬಿಡುತ್ತಾ ಹೋದರೆ ಸೀಗಡಿ, ಬಸವನಹುಳು, ಹವಳ ಉಳಿಯುವುದಿಲ್ಲ. ಜಿಐ (ಸತು ಲೇಪಿತ ಕಬ್ಬಿಣದ) ಪೈಪೂ ಬೇಡ. ಎಲ್ಲವೂ ಪಿವಿಸಿಯೇ ಇರಲಿ. ‘ಸಂಪು ತುಂಬಿಸಿ’ ಎಂದು ಬರೆಯುವ ಕಡೆ ಯಾವ ನೀರು ಎಂಬುದೂ ಇರಬೇಕು: ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ದಿನದಿನದ ಕೊರತೆಗೆ ಆರ್‌ಒ ಸಿಹಿನೀರು ಹಾಕಬೇಕು. ಉಪ್ಪುನೀರು ಹಾಕುತ್ತಾ ಹೋದರೆ ಸಾಪೇಕ್ಷ ಸಾಂದ್ರತೆ 1.025ರಿಂದ ಮೇಲೇರುತ್ತಲೇ ಇರುತ್ತದೆ.

ಓವರ್‌ಫ್ಲೋಗೆ ನಮ್ಮ ಕೆರೆಯ ಪದವೇ ಇದೆ: ಕೋಡಿ. ‘ತೂಬು’ ಬೇಡ. ತೂಬು ತಳದಿಂದ ನೀರು ಬಿಡುವಂಥದ್ದು, ಕೋಡಿ ಮೇಲ್ಮಟ್ಟದಿಂದ ಹರಿಯುವಂಥದ್ದು. ಅಕ್ವೇರಿಯಂನಲ್ಲಿ ನೀರನ್ನು ಮೇಲಿನಿಂದಲೇ ತೆಗೆಯುವುದು ಎಣ್ಣೆಯಂತೆ ತೇಲುವ ಕೆನೆ ಇಳಿದು ಹೋಗಲಿ ಎಂದು. ತಳದಿಂದ ತೆಗೆದರೆ ಪೈಪು ಒಡೆದ ದಿನ ತೊಟ್ಟಿಯೇ ಬರಿದು. ಕೋಡಿಯ ಅಂಚಿನಲ್ಲಿರುವ ಬಾಚಣಿಗೆಯಂಥ ಹಲ್ಲುಗಳಿಗೆ ಏನಾದರೂ ಸಿಕ್ಕಿ ನೀರು ಕಟ್ಟಿಕೊಂಡರೆ ಪಂಪಿನ ಕೋಣೆಯ ನೀರೆಲ್ಲ ಮೇಲಕ್ಕೆ ಹೋಗುತ್ತದೆ. ಆ ಕೋಣೆ 13×30 ಸೆಂ.ಮೀ. ಇದ್ದು, ಪಂಪು 15 ಸೆಂ.ಮೀ. ನೀರು ಎಳೆದರೆ ಸುಮಾರು 6 ಲೀಟರ್. ಮೇಲೆ ಒಂದೂವರೆ ಸೆಂ.ಮೀ. ಏರಿಕೆ. ಅಂಚಿನಲ್ಲಿ 3 ಸೆಂ.ಮೀ. ಬಿಟ್ಟಿದ್ದರೆ ನೆಲ ಒದ್ದೆಯಾಗುವುದಿಲ್ಲ. ಪಂಪಿನ ಕೋಣೆ ಚಿಕ್ಕದಿರಬೇಕು ಎನ್ನುವುದು ಇದಕ್ಕೇ.

ಬ್ಯಾಫಲ್‌ಗೆ ‘ಅಡ್ಡಗಾಜು’ ಸಾಕು, ಆದರೆ ಅದರಲ್ಲಿ ಎರಡು ಬಗೆ, ಎರಡು ಹೆಸರು ಬೇಕು. ತಳಕ್ಕೆ ಅಂಟಿ ನಿಂತು ನೀರನ್ನು ಮೇಲಿಂದ ದಾಟಿಸುವುದು ನಿಲುಗಾಜು, ತಳದಿಂದ 2.5 ಸೆಂ.ಮೀ. ಎತ್ತರದಲ್ಲಿದ್ದು ಅಡಿಯಿಂದ ದಾಟಿಸುವುದು ತೂಗುಗಾಜು. 5 ಮಿ.ಮೀ. ಗಾಜಿನಲ್ಲಿ ಜೋಡಣೆ ಹೀಗೆ: ನೀರು ಬೀಳುವ, ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ಬೇರ್ಪಡಿಸುವ ಸಾಧನ) ಕೂರುವ ಕೋಣೆ 20 ಸೆಂ.ಮೀ., ಅದರಾಚೆ 25 ಸೆಂ.ಮೀ. ಎತ್ತರದ ನಿಲುಗಾಜು, ರೆಫ್ಯೂಜಿಯಂ 20 ಸೆಂ.ಮೀ., ಅದರಾಚೆ 24ರ ನಿಲುಗಾಜು, ತೂಗುಗಾಜು, 22ರ ನಿಲುಗಾಜು, ನಡುವೆ 2.5 ಸೆಂ.ಮೀ. ಸಂದು, ಕೊನೆಗೆ 13 ಸೆಂ.ಮೀ.ನ ಪಂಪಿನ ಕೋಣೆ. ತೂಗುಗಾಜಿನ ತಲೆ ನೀರಿನಿಂದ ಮೇಲಿರಲಿ, ಇಲ್ಲವಾದರೆ ಗುಳ್ಳೆ ಅದರ ಮೇಲಿಂದಲೇ ಜಾರಿಹೋಗುತ್ತದೆ. ಪಂಪಿನ ಕೋಣೆಯ ನೀರು 20ಕ್ಕಿಂತ ಬಹಳ ಇಳಿದರೆ ಕೊನೆಯ ಗಾಜಿನಿಂದ ನೀರು ಜಲಪಾತದಂತೆ ಬಿದ್ದು ಹೊಸ ಗುಳ್ಳೆ ಎಬ್ಬಿಸುತ್ತದೆ.

ಅಂಟಿಗೆ ಬೂಷ್ಟುನಿರೋಧಕ ಸೇರಿಸದ ಶುದ್ಧ ಸಿಲಿಕೋನ್ ಬೇಕು, ಬಾತ್‌ರೂಮಿನದು ಬೇಡ. ವಿನೆಗರ್ ವಾಸನೆ ಪೂರ್ತಿ ಹೋದ ಮೇಲೇ ನೀರು. ಗಾಜಿನ ತೊಟ್ಟಿಗೆ ಅಕ್ರಿಲಿಕ್ ಅಡ್ಡಹಲಗೆ ಹಾಕಿದರೆ ಸಿಲಿಕೋನ್ ಹಿಡಿತ ಬಿಡುತ್ತದೆ.

ಬಲ್ಕ್‌ಹೆಡ್‌ಗೆ ಪ್ಲಂಬರುಗಳ ‘ಟ್ಯಾಂಕ್ ನಿಪ್ಪಲ್’ ಇದೆ, ಹೊಸದೇನೂ ಬೇಡ. ಟೆಂಪರ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಿಗೆ ತೂತು ಕೊರೆಯಲಾಗದು, ಪುಡಿಯಾಗುತ್ತದೆ ಎಂಬ ಎಚ್ಚರಿಕೆ ಅಲ್ಲೇ ಇರಲಿ.

ಉತ್ತರ 2

ರೆಫ್ಯೂಜಿಯಂ ಬಗ್ಗೆ. ‘ಮತ್ಸ್ಯಧಾಮ’ ಅರ್ಥವನ್ನೇ ತಿರುವುಮುರುವು ಮಾಡುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನಿಗೆ ಮನುಷ್ಯರಿಂದ ರಕ್ಷಣೆ. ಇಲ್ಲಿ ರಕ್ಷಣೆ ಬೇಕಾದದ್ದು ಮೀನಿನಿಂದ! ಕೋಪಿಪಾಡ್, ಆಂಫಿಪಾಡ್‌ನಂಥ ಸಣ್ಣ ಜೀವಿಗಳು ಮೀನಿನ ಬಾಯಿಗೆ ಸಿಗದೆ ಹೆಚ್ಚಲಿ, ಒಂದಿಷ್ಟು ಮಾತ್ರ ನೀರಿನ ಜೊತೆ ಮೇಲಕ್ಕೆ ಹೋಗಲಿ ಎಂದೇ ಈ ಕೋಣೆ. ಲ್ಯಾಟಿನ್ ಮೂಲದಲ್ಲೂ ಇರುವುದು ಓಡಿಹೋಗಿ ಸೇರುವ ಜಾಗ ಎಂಬ ಅರ್ಥ. ‘ಆಸರೆಕೋಣೆ’ ಎನ್ನಿ.

‘ಪಾಚಿಕೋಣೆ’ ಎನ್ನಬಹುದಿತ್ತು, ಅರ್ಧ ಕೆಲಸ ಅದೇ ತಾನೆ. ಆದರೆ ಪಾಚಿ ಎಂದೊಡನೆ ಕೈ ಉಜ್ಜಿ ತೆಗೆಯಲು ಹೋಗುತ್ತದೆ. ಇಲ್ಲಿ ಬೆಳೆಸುವುದು ಕೀಟೋಮಾರ್ಫ: ಹಸಿರು ನೈಲಾನ್ ದಾರವನ್ನು ಸಿಕ್ಕುಸಿಕ್ಕಾಗಿ ಮುದ್ದೆ ಮಾಡಿದಂತಿರುತ್ತದೆ, ಹಿಡಿದರೆ ಬಿರುಸು, ಲೋಳೆಯಿಲ್ಲ, ಬೇರೂ ಇಲ್ಲ. ಅದನ್ನು ‘ಕಡಲಕಳೆ’ ಎಂದರೆ ಬೇರೆಯಾಗಿ ನಿಲ್ಲುತ್ತದೆ. ನೀರಿನ ನೈಟ್ರೇಟ್, ಫಾಸ್ಫೇಟ್ ಹೀರಿ ಬೆಳೆಯುವ ಈ ಕಳೆಯನ್ನು ಕಿತ್ತು ಹೊರಹಾಕಿದಾಗಲೇ ಅವೂ ತೊಟ್ಟಿಯಿಂದ ಹೊರಹೋಗುವುದು; ಕೋಣೆ ತುಂಬಿದಾಗ ಮೂರನೇ ಒಂದು ಪಾಲು ತೆಗೆಯಬೇಕು. ‘ಸ್ವಚ್ಛಗೊಳಿಸಿ’ ಎಂದು ಬರೆದರೆ ಪೂರ್ತಿ ತೆಗೆದುಬಿಡುತ್ತಾರೆ. ‘ಕೊಯ್ಲು ಮಾಡಿ’ ಎಂದು ಬರೆಯಿರಿ. ದೀಪಕ್ಕೂ ಒಂದು ಮಾತು: ಮೇಲಿನ ತೊಟ್ಟಿ ಕತ್ತಲಾದಾಗ ಇಲ್ಲಿ ಬೆಳಕಿದ್ದರೆ ಕಳೆ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ರಾತ್ರಿ ಪಿಎಚ್ ಇಳಿಯುವುದು ಕಡಿಮೆಯಾಗುತ್ತದೆ. ಮೊದಲ ಉತ್ತರದ 24ರ ನಿಲುಗಾಜಿನ ಮೇಲಂಚಿಗೆ ಪ್ಲಾಸ್ಟಿಕ್ ಜಾಲರಿಯೊಂದನ್ನು ಸೇರಿಸಿಕೊಳ್ಳಿ. ಕಡಿದ ಎಳೆಗಳು ಪಂಪಿನ ರೆಕ್ಕೆಗೆ ಸುತ್ತಿಕೊಳ್ಳುವುದು ಆ ದಾರಿಯಲ್ಲೇ.